ದೊರೆಸಾನಿಯ ಏಳು ಮಿಲಿಮೀಟರ್

ಮಾವನ ಮೋಟರ್ ಸೈಕಲ್ಲಿಗೆ ದೊರೆಸಾನಿ ಎಂಬ ಹೆಸರಿಟ್ಟವಳು ಅತ್ತೆ. ಹೊಗಳುವುದಕ್ಕೇನೂ ಅಲ್ಲ. ಮದುವೆಯಾಗಿ ಬಂದ ಮೊದಲ ವಾರದಲ್ಲೇ, ಗಂಡ ಬೆಳಗ್ಗೆ ಎದ್ದು ಹೆಂಡತಿಯ ಮುಖ ನೋಡುವ ಮೊದಲು ಹಿತ್ತಲಿಗೆ ಹೋಗಿ ಅದರ ಟ್ಯಾಂಕು ಒರೆಸುತ್ತ ನಿಂತಿದ್ದನ್ನು ಕಂಡು, "ನಿಮ್ಮ ದೊರೆಸಾನಿಗೆ ಸ್ನಾನ ಆಯ್ತಾ?" ಎಂದು ಕೇಳಿದ್ದಳು. ಮಾವನಿಗೆ ಆ ಹೆಸರು ಹಿಡಿಸಿಬಿಟ್ಟಿತು. ಅಲ್ಲಿಂದ ನಲವತ್ತು ವರ್ಷ ಅದೇ ಹೆಸರು.

ಆ ದೊರೆಸಾನಿ ಈಗ ಒದೆಯಲು ಶುರುಮಾಡಿದ್ದಳು. ಕಿಕ್ಕರ್ ತುಳಿದರೆ ಇಂಜಿನ್ನು ಮುಂದಕ್ಕೆ ತಿರುಗುವ ಬದಲು ತಟ್ಟನೆ ಹಿಂದಕ್ಕೆ ತಿರುಗಿ, ಕಿಕ್ಕರನ್ನು ಕಾಲಿನ ಮೇಲೇ ಎಸೆಯುತ್ತಿತ್ತು. ಹೇಗೋ ಸ್ಟಾರ್ಟ್ ಆದರೂ ಏರಿನಲ್ಲಿ ಟಕಟಕ ಎಂದು ಸದ್ದು ಮಾಡಿ, ಕಾದ ಬಾಣಲೆಯ ಹಾಗೆ ಬಿಸಿಯಾಗಿ ನಿಂತುಬಿಡುತ್ತಿತ್ತು. ಹಿಂದಿನ ವರ್ಷ ಹಳೆಯ ಗಾಡಿಗಳವರೆಲ್ಲ ಸೇರಿ ಗುಡ್ಡ ಹತ್ತುವ ಭಾನುವಾರ, ಅರ್ಧ ದಾರಿಯ ಕೊಕ್ಕೆ ತಿರುವಿನಲ್ಲಿ ಹಾಗೆ ನಿಂತಿದ್ದಳು. ಮಾವ ಅವಳನ್ನು ತಳ್ಳಿಕೊಂಡು ಕೆಳಗಿಳಿದಿದ್ದರು. ದಾರಿಯುದ್ದಕ್ಕೂ ಮೇಲೆ ಹೋಗುವವರೆಲ್ಲ ಕೈ ಬೀಸಿ "ಏನಾಯ್ತು ಸಾರ್?" ಎಂದು ಕೇಳಿದ್ದರು. ಆ ಪ್ರಶ್ನೆಯಿಂದಲೇ ಮಾವನಿಗೆ ಹೆಚ್ಚು ನೋವಾಗಿತ್ತು.

ಈ ವರ್ಷ ಗುಡ್ಡದ ಭಾನುವಾರಕ್ಕೆ ಒಂದು ತಿಂಗಳಿರುವಾಗ ದೊರೆಸಾನಿ ಮೂರನೇ ಸಲ ಒದ್ದಳು. ಮಾವನ ಬಲಗಾಲಿನ ಹರಡು ಊದಿಕೊಂಡು ಚಪ್ಪಲಿಗೆ ಹಿಡಿಸದಂತಾಯಿತು. ಡಾಕ್ಟರು ಪಟ್ಟಿ ಸುತ್ತಿ ಕೈಗೊಂದು ಕೋಲು ಕೊಟ್ಟು ಕಳಿಸಿದರು. ಮಾವ ಮೂವತ್ತೈದು ವರ್ಷ ಬಸ್ ನಿಲ್ದಾಣದಲ್ಲಿ ಟೈಮ್ ಕೀಪರ್ ಆಗಿದ್ದವರು. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕು ಎಂದು ಸೀಟಿ ಊದಿ ಹೇಳಿದವರು.

"ಊರ ಬಸ್ಸುಗಳಿಗೆಲ್ಲ ಟೈಮು ಹೇಳಿದ್ರಿ, ಹಿತ್ತಲಲ್ಲಿ ಇರೋ ಒಂದು ಗಾಡಿಗೆ ಟೈಮು ಹೇಳೋಕೆ ಆಗ್ಲಿಲ್ಲ ನಿಮಗೆ" ಎಂದಳು ಅತ್ತೆ, ಕಾಲಿಗೆ ಬಿಸಿನೀರಿನ ಶಾಖ ಕೊಡುತ್ತ. ಅತ್ತೆ ಅಂದದ್ದು ತಮಾಷೆಯಾದರೂ ತಪ್ಪಾಗಿರಲಿಲ್ಲ. ಗಾಡಿಯ ರೋಗ ಟೈಮಿಂಗಿನದೇ ಎಂದು ಎಲ್ಲರಿಗೂ ಗೊತ್ತಿತ್ತು. ಪಿಸ್ಟನ್ನು ಮೇಲಕ್ಕೆ ಬಂದು ಇನ್ನೇನು ತುದಿ ಮುಟ್ಟಬೇಕು ಎನ್ನುವಾಗ ಪ್ಲಗ್ಗು ಕಿಡಿ ಹಾರಿಸಬೇಕು. ಕಿಡಿ ಅವಸರಪಟ್ಟರೆ ಮೇಲೆ ಬರುತ್ತಿರುವ ಪಿಸ್ಟನ್ನನ್ನು ಬೆಂಕಿ ಹಿಂದಕ್ಕೆ ದಬ್ಬುತ್ತದೆ. ಆಗ ಕಿಕ್ಕರ್ ಒದೆಯುತ್ತದೆ. ಇಷ್ಟನ್ನು ಗ್ಯಾರೇಜಿನ ಮೀಸೆ ಮೇಸ್ತ್ರಿ ಮೂರು ಸಲ ಬಂದು ಮೂರು ಸಲವೂ ವಿವರಿಸಿದ್ದ.

ಮೀಸೆ ಮೇಸ್ತ್ರಿ ಸಾಮಾನ್ಯದವನಲ್ಲ. ಇಂಜಿನ್ನಿನ ಸದ್ದು ಕೇಳಿ ರೋಗ ಹೇಳುವವನು, ಮಾವನ ಹಳೆಯ ಗೆಳೆಯ ಬೇರೆ. ಮೂರನೇ ಸಲ ಬಂದಾಗಲೂ ಮಂಡಿಯೂರಿ ಕೂತು ಟಾರ್ಚು ಬಿಟ್ಟು ತೋರಿಸಿದ. "ನೋಡು, ಇಂಜಿನ್ ಜೊತೆ ತಿರುಗೋ ಈ ಭಾರದ ಚಕ್ರ, ಫ್ಲೈವ್ಹೀಲು, ಇದರ ಮೇಲೆ ಒಂದು ಗುರುತು. ಕೇಸಿನ ಮೇಲೆ ಒಂದು ಗುರುತು. ಎರಡೂ ಎದುರುಬದುರು ಬಂದ ಕ್ಷಣಕ್ಕೆ ಪಾಯಿಂಟು ಬಿಚ್ಚಿಕೊಳ್ತಾ ಇದೆ, ಬಿಚ್ಚಿಕೊಂಡ ಕ್ಷಣವೇ ಕಿಡಿ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಟೈಮಿಂಗ್ ಸರಿ ಇದೆ."

"ಮತ್ತೆ ಒದಿಯೋದು ಯಾಕೆ?" ಎಂದರು ಮಾವ.

ಮೇಸ್ತ್ರಿ ಎದ್ದು ಕೈ ಒರೆಸಿಕೊಂಡ. "ವಯಸ್ಸಾಯ್ತು ಕಣಯ್ಯ. ಒಳಗೆಲ್ಲ ಸವೆದಿರುತ್ತೆ. ನಾನೂ ಬೆಳಗ್ಗೆ ಎದ್ದಾಗ ಹೀಗೇ ಇರ್ತೀನಿ. ಸಾಕು ಬಿಡು ಅದನ್ನ."

ಮಾವ ಬಿಟ್ಟುಬಿಟ್ಟರು. ಪೇಟೆಯಲ್ಲಿ ಹೊಸ ಹೋಟೆಲು ತೆರೆಯುತ್ತಿದ್ದ ಒಬ್ಬಾತ ಹಳೆಯ ಸಾಮಾನುಗಳಿಂದ ಗೋಡೆ ಅಲಂಕರಿಸುವವನಿದ್ದ. ದೊರೆಸಾನಿಯನ್ನು ನೋಡಿಕೊಂಡು ಹೋದ. ಟೇಪು ಹಿಡಿದು ಉದ್ದ ಅಗಲ ಅಳೆದ. ಇಂಜಿನ್ನಿನ ಒಳಗಿನದನ್ನೆಲ್ಲ ತೆಗೆದರೆ ಹಗುರವಾಗುತ್ತದೆ, ನೆಲದಿಂದ ಎಂಟಡಿ ಮೇಲೆ ಗೋಡೆಗೆ ನೇತುಹಾಕಬಹುದು, ಹೆಡ್‌ಲೈಟಿನೊಳಗೆ ಬಣ್ಣದ ಬಲ್ಬು ಇಡಬಹುದು ಎಂದ. ಗುಡ್ಡದ ಭಾನುವಾರದ ಮಾರನೆಯ ದಿನ ಬಂದು ಒಯ್ಯುವುದೆಂದು ಮಾತಾಯಿತು. ಆ ದಿನ ಸಂಜೆ ಮಾವ ಊಟಕ್ಕೆ ಕೂತು ಎರಡು ತುತ್ತು ತಿಂದು ಎದ್ದುಹೋದರು. ಅತ್ತೆ ಮೊದಲ ಸಲ ದೊರೆಸಾನಿಯ ಬಗ್ಗೆ ಚುಚ್ಚುಮಾತು ಆಡದೆ ತಟ್ಟೆ ಎತ್ತಿದಳು.

ಇದನ್ನೆಲ್ಲ ನೋಡುತ್ತಿದ್ದವಳು ಸೊಸೆ. ಸೊಸೆಯೆಂದರೆ ಮಾವನ ತಂಗಿಯ ಮಗಳು. ಎಂಟು ವರ್ಷದವಳಿದ್ದಾಗ ತಾಯಿ ತೀರಿಕೊಂಡಳು. ಅಂದಿನಿಂದ ಮಕ್ಕಳಿಲ್ಲದ ಮಾವ ಅತ್ತೆಯರ ಮನೆಯೇ ಅವಳ ಮನೆ. ಈಗ ಮೂವತ್ತೆಂಟು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ರಿಪೇರಿಯ ಅಂಗಡಿ ಇಟ್ಟಿದ್ದಳು. ಮದುವೆಯ ಮಾತು ಬಂದಾಗಲೆಲ್ಲ ಯಾವುದೋ ಮಿಷನ್ನಿನ ಕೆಳಗೆ ತಲೆ ತೂರಿಸಿ ಕೂತುಬಿಡುತ್ತಿದ್ದಳು. ಮಾತು ಎತ್ತುವವರಿಗೇ ಕೊನೆಗೆ ಬೇಸರ ಬಂತು. ಊರಿನವರಿಗೆಲ್ಲ ಅವಳು ಮಿಷನ್ ಅಕ್ಕ. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡ ದರ್ಜಿಗಳೂ ಹಾಗೇ ಕರೆಯುತ್ತಿದ್ದರು.

ದೊರೆಸಾನಿಯ ವಿಷಯದಲ್ಲಿ ಮಾತ್ರ ಅವಳು ಬಾಯಿ ತೆರೆದದ್ದಿಲ್ಲ. ಮೀಸೆ ಮೇಸ್ತ್ರಿಯನ್ನು ಬಿಟ್ಟರೆ ಮಾವ ಅದನ್ನು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ.

ಗುಡ್ಡದ ಭಾನುವಾರಕ್ಕೆ ನಾಲ್ಕು ದಿನ ಉಳಿದಿದ್ದ ಬುಧವಾರ ಒಬ್ಬ ದರ್ಜಿ ಮಿಷನ್ನೊಂದನ್ನು ಹೊತ್ತು ತಂದ. ನಾಲ್ಕು ಹೊಲಿಗೆ ಹಾಕಿದರೆ ಒಂದು ತಪ್ಪುತ್ತಿತ್ತು. "ಬೇರೆಯವರ ಹತ್ರ ತೋರಿಸಿದೆ ಅಕ್ಕ. ಸೂಜಿ ದಂಡದ ಮೇಲೆ ಗೀರು ಇದೆಯಲ್ಲ, ಅದಕ್ಕೆ ಸರಿಯಾಗಿ ಕೂರಿಸಿದ್ದೀನಿ ಅಂದ್ರು."

ಮಿಷನ್ ಅಕ್ಕ ಕೆಳಗಿನ ತಗಡು ತೆಗೆದು, ಚಕ್ರವನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿದಳು. ಗೀರು ಇರಬೇಕಾದಲ್ಲೇ ಇತ್ತು. ಆದರೆ ಸೂಜಿಯ ಕಣ್ಣಿನ ಪಕ್ಕಕ್ಕೆ ಬಂದು ದಾರ ಹಿಡಿಯಬೇಕಾದ ಕೊಕ್ಕೆ, ಸೂಜಿ ಮೇಲೆದ್ದ ಮೇಲೆ ಬರುತ್ತಿತ್ತು. "ಈ ದಂಡ ಈ ಮಿಷನ್ನಿಂದಲ್ಲ. ಯಾರೋ ಬೇರೆ ಮಿಷನ್ನಿಂದ ತಂದು ಹಾಕಿದ್ದಾರೆ. ಗೀರು ಆ ಮಿಷನ್ನಿನ ಲೆಕ್ಕ ಹೇಳ್ತಿದೆ. ಗೀರನ್ನ ಯಾಕೆ ಕೇಳಬೇಕು? ಸೂಜಿ ಎಲ್ಲಿದೆ ಅಂತ ಸೂಜಿಯನ್ನೇ..."

ಅಲ್ಲಿಗೇ ಮಾತು ನಿಂತಿತು. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೈಯಲ್ಲೇ ಉಳಿಯಿತು. ದರ್ಜಿ "ಏನಾಯ್ತಕ್ಕ?" ಎಂದು ಎರಡು ಸಲ ಕೇಳಿದ. ಅವಳು ಹೇಗೋ ಆ ಮಿಷನ್ನು ಸರಿಮಾಡಿ ಅವನನ್ನು ಸಾಗಹಾಕಿ, ಅಂಗಡಿಯ ಬಾಗಿಲು ಅರ್ಧ ಎಳೆದು ಸೀದಾ ಹಜಾರಕ್ಕೆ ಬಂದಳು.

"ಮಾವ, ದೊರೆಸಾನಿಯ ಪಿಸ್ಟನ್ ಎಲ್ಲಿದ್ದಾಗ ಕಿಡಿ ಬರ್ತಿದೆ ಅಂತ ಯಾರಾದ್ರೂ ನೋಡಿದ್ದಾರಾ?"

ಮಾವ ಪೇಪರು ಕೆಳಗಿಳಿಸಿದರು. "ಮೀಸೆ ಮೂರು ಸಲ ನೋಡಿದನಲ್ಲ."

"ಅವರು ನೋಡಿದ್ದು ಗುರುತು. ನಾನು ಕೇಳ್ತಿರೋದು ಪಿಸ್ಟನ್."

"ಹೊಲಿಗೆ ಮಿಷನ್ ಬೇರೆ, ಇಂಜಿನ್ ಬೇರೆ ಮಗಳೇ. ಮೂಗು ತೂರಿಸಬೇಡ."

ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಹೇಗೂ ಗೋಡೆಗೆ ನೇತುಹಾಕ್ತೀರಲ್ಲ. ಅದಕ್ಕೆ ಮೊದಲು ಅವಳೊಂದು ಸಲ ನೋಡಿದ್ರೆ ನಿಮ್ಮ ದೊರೆಸಾನಿ ಕರಗಿಹೋಗ್ತಾಳಾ?"

ಮಾವ ಕೋಲು ಊರಿಕೊಂಡು ಎದ್ದು, ಬೀರುವಿನಿಂದ ಎಣ್ಣೆಯ ಕಲೆ ಹಿಡಿದ ಒಂದು ಪುಸ್ತಕ ತಂದರು. ಗಾಡಿಯ ಜೊತೆ ಬಂದಿದ್ದ ಕೈಪಿಡಿ. ಒಂದು ಪುಟದ ಮೂಲೆ ಮಡಚಿತ್ತು. ಅಲ್ಲಿ ಬರೆದಿತ್ತು: ಪಿಸ್ಟನ್ನು ತುದಿ ಮುಟ್ಟಲು ನಾಲ್ಕು ಮಿಲಿಮೀಟರ್ ಇರುವಾಗ ಪಾಯಿಂಟು ಬಿಚ್ಚಿಕೊಳ್ಳಬೇಕು.

ಮಾರನೆಯ ಬೆಳಗ್ಗೆ ಹಿತ್ತಲಿನಲ್ಲಿ ಕೆಲಸ ಶುರುವಾಯಿತು. ಬೇಕಾದ ಸಾಮಾನು ಕಡಿಮೆ. ಅತ್ತೆಯ ಒಂದು ಹೆಣಿಗೆ ಕಡ್ಡಿ, ಕೆಂಪು ದಾರ, ನೀಲಿ ದಾರ, ಬಟ್ಟೆಯ ಅಚ್ಚು ಇಳಿಸಿಕೊಳ್ಳುವ ತೆಳು ಕಾಗದದ ಒಂದು ಚೂರು.

"ಕಡ್ಡಿಗೆ ಎಣ್ಣೆ ಆದ್ರೆ ಸ್ವೆಟರ್ ನೀನೇ ಒಗೀಬೇಕು" ಎಂದು ಅತ್ತೆ ಹೇಳಿ, ಹೇಳಿದ ಮೇಲೂ ಒಳಗೆ ಹೋಗದೆ ಮೆಟ್ಟಿಲ ಮೇಲೆ ಕೂತಳು.

ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿ, ಟಾಪ್ ಗೇರಿಗೆ ಹಾಕಿದರು. ಹೀಗೆ ಮಾಡಿದರೆ ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿದಾಗ ಇಂಜಿನ್ನು ಮೆಲ್ಲಗೆ ತಿರುಗುತ್ತದೆ. ಚಕ್ರ ತಿರುಗಿಸುವ ಕೆಲಸ ಮಾವನಿಗೆ; ಪಟ್ಟಿ ಸುತ್ತಿದ ಕಾಲನ್ನು ಇಟ್ಟಿಗೆಯ ಮೇಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತರು. ಮಿಷನ್ ಅಕ್ಕ ಪ್ಲಗ್ಗು ಬಿಚ್ಚಿ ಆ ತೂತಿನಲ್ಲಿ ಹೆಣಿಗೆ ಕಡ್ಡಿ ಇಳಿಸಿದಳು. ಕಡ್ಡಿಯ ತುದಿ ಪಿಸ್ಟನ್ನಿನ ತಲೆಯ ಮೇಲೆ ನಿಂತಿತು.

"ತಿರುಗಿಸಿ ಮಾವ. ಇನ್ನೂ ನಿಧಾನ. ನಿಧಾನ ಅಂದ್ರೆ ನಿಲ್ಲಿಸೋದಲ್ಲ."

ಕಡ್ಡಿ ಮೇಲಕ್ಕೆ ಬಂತು, ಒಂದು ಗಳಿಗೆ ನಿಂತು, ಇಳಿಯತೊಡಗಿತು. ತೀರಾ ಮೇಲಿದ್ದಾಗ ತೂತಿನ ಅಂಚಿಗೆ ಸರಿಯಾಗಿ ಕಡ್ಡಿಗೆ ಕೆಂಪು ದಾರ ಬಿಗಿದಳು. ಅದು ತುದಿ. ಆಮೇಲೆ ಫ್ಲೈವ್ಹೀಲಿನ ಕಿಂಡಿಯಿಂದ ಪಾಯಿಂಟಿನ ಎರಡು ತುಟಿಗಳ ನಡುವೆ ಕಾಗದದ ಚೂರನ್ನು ಸಿಕ್ಕಿಸಿ, ಚಕ್ರವನ್ನು ಹಿಂದಕ್ಕೆ ಸರಿಸಿ, ಮತ್ತೆ ಮುಂದಕ್ಕೆ ಬರಲು ಹೇಳಿದಳು. ಎಡಗೈಯಲ್ಲಿ ಕಾಗದವನ್ನು ಹಗುರವಾಗಿ ಎಳೆಯುತ್ತಲೇ ಇದ್ದಳು. ತುಟಿ ಬಿಗಿಯಾಗಿರುವಷ್ಟು ಹೊತ್ತು ಕಾಗದ ಬರುವುದಿಲ್ಲ. ಬಿಚ್ಚಿಕೊಂಡ ಕ್ಷಣ ಜಾರುತ್ತದೆ.

ಕಾಗದ ಜಾರಿತು.

"ನಿಲ್ಲಿಸಿ."

ಕಡ್ಡಿಗೆ ನೀಲಿ ದಾರ ಬಿಗಿದು, ಹೊರಗೆಳೆದು, ಸ್ಕೇಲಿಟ್ಟು ನೋಡಿದಳು. ಇನ್ನೊಮ್ಮೆ ಮಾಡಿದಳು. ಮೂರನೇ ಸಲವೂ ಮಾಡಿದಳು. ಕೈ ಅಂಗಡಿಯಲ್ಲಿದ್ದಷ್ಟೇ ಸ್ಥಿರವಾಗಿತ್ತು.

"ಎಷ್ಟು?" ಎಂದರು ಮಾವ.

"ಏಳು."

ಮಾವ ಕೈಪಿಡಿಯನ್ನು ತೆರೆದು ಮಡಚಿದ ಪುಟವನ್ನು ಮತ್ತೆ ಓದಿದರು, ನಲವತ್ತು ವರ್ಷದಲ್ಲಿ ಅದರೊಳಗಿನ ಅಂಕಿ ಬದಲಾಗಿರಬಹುದು ಎಂಬಂತೆ. "ನಾಲ್ಕಿರಬೇಕು."

"ಏಳಿದೆ. ಗುರುತಿಗೆ ಗುರುತು ಸೇರಿದೆ, ಆದ್ರೂ ಕಿಡಿ ಮೂರು ಮಿಲಿಮೀಟರ್ ಮೊದಲೇ ಬರ್ತಿದೆ. ಮೇಸ್ತ್ರಿ ತಪ್ಪು ಮಾಡಿಲ್ಲ ಮಾವ. ಗುರುತೇ ಜಾಗ ಬಿಟ್ಟಿದೆ. ಗುರುತು ಇರೋದು ಫ್ಲೈವ್ಹೀಲಿನ ಮೇಲೆ, ಪಾಯಿಂಟ್ ಬಿಚ್ಚೋದೂ ಫ್ಲೈವ್ಹೀಲೇ. ಅವೆರಡೂ ಒಂದೇ ಮಾತು ಆಡ್ತವೆ. ಫ್ಲೈವ್ಹೀಲೇ ಸರಿದಿದ್ರೆ ಇಬ್ಬರೂ ಸೇರಿ ಸುಳ್ಳು ಹೇಳ್ತಾರೆ."

ಫ್ಲೈವ್ಹೀಲು ಹೇಗೆ ಸರಿಯಿತು ಎಂದು ತಿಳಿಯಬೇಕಾದರೆ ಅದನ್ನು ತೆಗೆಯಬೇಕು. ತೊಡಕಿದ್ದದ್ದು ಅಲ್ಲೇ. ಅದನ್ನು ಎಳೆದು ತೆಗೆಯುವ ಪುಲ್ಲರ್ ಈ ಗಾಡಿಗೇ ಬೇರೆ, ಅದು ಊರಿನಲ್ಲಿ ಯಾರ ಹತ್ತಿರವೂ ಇರಲಿಲ್ಲ. ಮಿಷನ್ ಅಕ್ಕ ಗ್ಯಾರೇಜಿಗೆ ಹೋಗಿ ಕೇಳಿದಾಗ ಮೀಸೆ ಮೇಸ್ತ್ರಿ ನಕ್ಕ.

"ಆ ಫ್ಲೈವ್ಹೀಲನ್ನ ನಾನೇ ಬಿಚ್ಚಿಲ್ಲ ಕಣಮ್ಮ. ಸುತ್ತಿಗೆ ಹಾಕಿದ್ರೆ ಒಡೆದುಹೋಗುತ್ತೆ, ಇನ್ನೊಂದು ಎಲ್ಲೂ ಸಿಗಲ್ಲ. ಹೆಣಿಗೆ ಕಡ್ಡಿ ಇಟ್ಟುಕೊಂಡು ಇಂಜಿನ್ ಅಳೆದವರನ್ನ ನಾನು ನೋಡಿಲ್ಲ."

"ಈಗ ನೋಡಿದ್ರಲ್ಲ" ಎಂದು ಹೇಳಿ ಅವಳು ಹೊರಟಳು. ಏಳು ಅಂದರೆ ಏಳೇ. ಮೂರು ಸಲ ಅಳೆದದ್ದು.

ಸುತ್ತಿಗೆ ಹಾಕುವ ಯೋಚನೆ ಅವಳಿಗೂ ಇರಲಿಲ್ಲ. ಫ್ಲೈವ್ಹೀಲಿನ ನಡುವೆ ಪುಲ್ಲರ್ ಕೂರುವ ಥ್ರೆಡ್ಡು ಕಾಣುತ್ತಿತ್ತು. ಬಟ್ಟೆಸೋಪಿನ ಒಂದು ತುಂಡನ್ನು ಉರುಟಾಗಿ ಕೆತ್ತಿ, ಅದರೊಳಗೆ ಒತ್ತಿ ಅಚ್ಚು ತೆಗೆದಳು. ಅಗಲವನ್ನು ಅಳೆದು ಚೀಟಿಯಲ್ಲಿ ಬರೆದುಕೊಂಡಳು. ಎರಡನ್ನೂ ಹಿಡಿದು ಹಿಂದಿನ ಬೀದಿಯಲ್ಲಿ ಉಕ್ಕು ಕಡೆದುಕೊಡುವ ಲೇತ್ ಅಣ್ಣನ ಬಳಿಗೆ ಹೋದಳು. ಅವನು ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಸೋಪನ್ನು ಬೆಳಕಿಗೆ ಹಿಡಿದು ಗೆರೆ ಎಣಿಸಿದ, ಮೂಸಿ ನೋಡಿದ, "ನಾಳೆ ಸಂಜೆ" ಎಂದ.

ಶುಕ್ರವಾರ ಸಂಜೆ ಪುಲ್ಲರ್ ಕೈಗೆ ಬಂತು. ಅಂಗೈಯಗಲದ ಉಕ್ಕಿನ ಬಿಲ್ಲೆ, ನಡುವೆ ಉದ್ದನೆಯ ಬೋಲ್ಟು. ಥ್ರೆಡ್ಡಿಗೆ ಥ್ರೆಡ್ಡು ಬೆಣ್ಣೆಯ ಹಾಗೆ ಕೂತಿತು.

ಶನಿವಾರ ಬೆಳಗ್ಗೆ ಫ್ಲೈವ್ಹೀಲಿನ ದೊಡ್ಡ ನಟ್ಟಿಗೆ ಸ್ಪ್ಯಾನರ್ ಹಾಕಿದಾಗಲೇ ಮಿಷನ್ ಅಕ್ಕನಿಗೆ ಅರ್ಧ ಉತ್ತರ ಸಿಕ್ಕಿತು. ಬಿಗಿಯಾಗಿರಬೇಕಾದ ನಟ್ಟು ಒಂದು ಕೈಯಲ್ಲಿ ಬಂತು. ಆಮೇಲೆ ಪುಲ್ಲರನ್ನು ತಿರುಗಿಸಿ ಕೂರಿಸಿ, ನಡುವಿನ ಬೋಲ್ಟನ್ನು ಬಿಗಿಯತೊಡಗಿದಳು. ಕಾಲು ಸುತ್ತು. ಇನ್ನೂ ಕಾಲು ಸುತ್ತು. ಸ್ಪ್ಯಾನರ್ ಕಲ್ಲಾಯಿತು. ಭುಜವೆಲ್ಲ ನೋಯುತ್ತಿತ್ತು. ಮಾವನ ಜೀವವೇ ಆ ಬೋಲ್ಟಿನ ತುದಿಯಲ್ಲಿತ್ತು.

ಟಣ್ ಎಂದು ಸದ್ದಾಯಿತು. ಮಾವ ಕಣ್ಣು ಮುಚ್ಚಿಕೊಂಡರು.

"ಒಡೀಲಿಲ್ಲ ಮಾವ. ಬಿಟ್ಟುಕೊಂಡಿತು ಅಷ್ಟೇ."

ಫ್ಲೈವ್ಹೀಲು ಅವಳ ಎರಡೂ ಕೈಗೆ ಭಾರವಾಗಿ ಬಂತು. ಅದರ ಹಿಂದೆ, ಇಂಜಿನ್ನಿನ ದಂಡದ ಮೇಲಿನ ಸಣ್ಣ ತೋಡಿನಲ್ಲಿ, ಅರ್ಧಚಂದ್ರದಂಥ ಒಂದು ಪುಟ್ಟ ಉಕ್ಕಿನ ತುಂಡು ಕೂತಿತ್ತು. ಗ್ಯಾರೇಜಿನವರು ಅದನ್ನು ಕೀ ಎನ್ನುತ್ತಾರೆ. ಫ್ಲೈವ್ಹೀಲು ದಂಡದ ಮೇಲೆ ಅತ್ತಿತ್ತ ಸರಿಯದಂತೆ ಹಿಡಿಯುವುದು ಅದರ ಕೆಲಸ. ಇಕ್ಕಳದಿಂದ ಎತ್ತಿ ಮಾವನ ಅಂಗೈಯ ಮೇಲಿಟ್ಟಳು. ನೇರವಾಗಿರಬೇಕಾದ ಕೀ ನಡುವೆ ಮೆಟ್ಟಿಲಿನ ಹಾಗೆ ಜರುಗಿತ್ತು. ಜರುಗಿದ್ದು ಒಂದು ಮಿಲಿಮೀಟರ್‌ಗಿಂತ ತುಸು ಹೆಚ್ಚು.

"ಇಷ್ಟೇನಾ?" ಎಂದರು ಮಾವ.

"ಇಷ್ಟೇ. ನಟ್ಟು ಸಡಿಲ ಇತ್ತು. ಮೊದಲನೇ ಸಲ ಯಾವತ್ತೋ ಕಿಕ್ ಸರಿಯಾಗಿ ಬೀಳದೆ ಇಂಜಿನ್ ಹಿಂದಕ್ಕೆ ಒದ್ದಿರಬೇಕು. ದಂಡ ಹಿಂದಕ್ಕೆ ತಿರುಗ್ತು, ಭಾರದ ಫ್ಲೈವ್ಹೀಲ್ ಮುಂದಕ್ಕೇ ಹೋಯ್ತು. ನಡುವೆ ಸಿಕ್ಕಿದ್ದು ಈ ಬಡಪಾಯಿ. ಅಲ್ಲಿಂದ ಕಿಡಿ ಮೊದಲೇ ಬರ್ತಿತ್ತು, ಅದಕ್ಕೆ ಮತ್ತೆ ಒದೀತಿತ್ತು, ಒದ್ದಷ್ಟೂ ಇದು ಇನ್ನಷ್ಟು ಜರುಗ್ತಿತ್ತು."

ಮಾವ ಆ ತುಂಡನ್ನು ಬಹಳ ಹೊತ್ತು ನೋಡಿದರು. "ವಯಸ್ಸಾಗಿರಲಿಲ್ಲ ಅವಳಿಗೆ" ಎಂದರು ಕೊನೆಗೆ. ಮೆಟ್ಟಿಲ ಮೇಲಿದ್ದ ಅತ್ತೆ ಸೆರಗಿನಲ್ಲಿ ಮೂಗು ಒರೆಸಿಕೊಂಡು, ಈರುಳ್ಳಿ ಹೆಚ್ಚಬೇಕು ಎಂದು ಎದ್ದುಹೋದಳು.

ಹೊಸ ಕೀಯನ್ನು ಮಿಷನ್ ಅಕ್ಕ ತನ್ನ ಅಂಗಡಿಯಲ್ಲೇ ಮಾಡಿದಳು. ಸವೆದ ಹೊಲಿಗೆ ಯಂತ್ರವೊಂದರ ಉಕ್ಕಿನ ಸಲಾಕೆಯನ್ನು ಕತ್ತರಿಸಿ, ಹಳೆಯದನ್ನು ಪಕ್ಕದಲ್ಲಿಟ್ಟುಕೊಂಡು ಅರದಿಂದ ಉಜ್ಜಿದಳು. ಉಜ್ಜುವುದು, ಕೂರಿಸಿ ನೋಡುವುದು, ಮತ್ತೆ ಉಜ್ಜುವುದು. ಎರಡು ಗಂಟೆಯ ಮೇಲೆ ಅದು ಬೆರಳಿನಿಂದ ಒತ್ತಿದರೆ ಕೂರುವಂತಾಯಿತು, ಅಲುಗಾಡಿಸಿದರೆ ಅಲುಗಾಡಲಿಲ್ಲ. ಫ್ಲೈವ್ಹೀಲು ಹಾಕಿ, ನಟ್ಟನ್ನು ಈ ಸಲ ಮೈಯ ಭಾರವನ್ನೆಲ್ಲ ಬಿಟ್ಟು ಬಿಗಿದು, ಮತ್ತೆ ಹೆಣಿಗೆ ಕಡ್ಡಿ ಇಳಿಸಿದಳು. ಕಾಗದ ಜಾರಿದಾಗ ಕೆಂಪು ದಾರಕ್ಕೂ ನೀಲಿ ದಾರಕ್ಕೂ ನಡುವೆ ಸರಿಯಾಗಿ ನಾಲ್ಕು ಮಿಲಿಮೀಟರ್. ಕಿಂಡಿಯಲ್ಲಿ ಗುರುತಿನ ಎದುರಿಗೇ ಗುರುತು ನಿಂತಿತ್ತು.

ಇನ್ನು ಕಿಕ್ ಹೊಡೆಯುವುದೊಂದು ಬಾಕಿ. ಮಾವನ ಕಾಲನ್ನು ಅವಳು ನೋಡಿದಳು. ಮಾವನೂ ಅವಳ ಕಾಲನ್ನು ನೋಡಿದರು.

"ಶೂ ಹಾಕ್ಕೊಂಡು ಬಾ" ಎಂದರು.

ಶೂ ಹಾಕಿಕೊಂಡು ಬಂದಳು. ಲೆಕ್ಕ ಸರಿಯಿದೆ ಎಂದು ಗೊತ್ತಿದ್ದರೂ ಕಾಲಿಗೆ ಲೆಕ್ಕ ಅರ್ಥವಾಗುವುದಿಲ್ಲ. ಕಿಕ್ಕರಿನ ಮೇಲೆ ಪಾದವಿಟ್ಟು, ತೆಗೆದು, ಮತ್ತೆ ಇಟ್ಟಳು. "ಅರ್ಧಂಬರ್ಧ ತುಳೀಬೇಡ. ಪೂರ್ತಿ ತುಳಿ" ಎಂದರು ಮಾವ ಮೆಲ್ಲಗೆ.

ಪೂರ್ತಿ ತುಳಿದಳು.

ಮೊದಲ ತುಳಿತಕ್ಕೇ ದೊರೆಸಾನಿ ಎದ್ದಳು. ಒದೆಯಿಲ್ಲ, ಟಕಟಕವಿಲ್ಲ. ನೀಲಿ ಹೊಗೆಯ ಒಂದು ಮುದ್ದೆ ಕಾಂಪೌಂಡಿನ ಗೋಡೆ ದಾಟಿ ಹೋಯಿತು, ಅದರ ಹಿಂದೆ ಡುಗುಡುಗು ಎಂದು ದುಂಡಗಿನ, ಅವಸರವಿಲ್ಲದ ಸದ್ದು. ಮಾವ ಕೋಲು ಮರೆತು ಎದ್ದು ನಿಂತುಬಿಟ್ಟಿದ್ದರು. ಅತ್ತೆ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಪಕ್ಕದ ಮನೆಯವರು ಕಿಟಕಿ ತೆರೆದರು. ಮಿಷನ್ ಅಕ್ಕ ಹ್ಯಾಂಡಲ್ ಹಿಡಿದು ನಿಂತು ನಗುತ್ತಿದ್ದಳು. ಯಾಕೆ ಇಷ್ಟು ನಗು ಬರುತ್ತಿದೆ ಎಂದು ಅವಳಿಗೇ ತಿಳಿಯಲಿಲ್ಲ.

ಆ ಸದ್ದು ಗ್ಯಾರೇಜಿನವರೆಗೂ ಹೋಗಿರಬೇಕು. ಅರ್ಧ ಗಂಟೆಯಲ್ಲಿ ಮೀಸೆ ಮೇಸ್ತ್ರಿ ಬಂದ. ಗೇಟಿನ ಬಳಿ ನಿಂತು ತಲೆ ಓರೆ ಮಾಡಿ ಒಂದು ನಿಮಿಷ ಕೇಳಿಸಿಕೊಂಡ. ಮಾವ ಜರುಗಿದ ಕೀಯನ್ನು ಅವನ ಕೈಗೆ ಕೊಟ್ಟರು. ಮೇಸ್ತ್ರಿ ಅದನ್ನು ಕನ್ನಡಕ ಹಾಕಿಕೊಂಡು ನೋಡಿದ, ಕನ್ನಡಕ ತೆಗೆದೂ ನೋಡಿದ.

"ಮೂರು ಸಲ ಬಂದೆ ನಾನು" ಎಂದ. "ಮೂರು ಸಲವೂ ಗುರುತು ನೋಡಿದೆ. ಪ್ಲಗ್ ಬಿಚ್ಚಿ ಒಂದು ಕಡ್ಡಿ ಇಳಿಸೋಕೆ ನನಗೆ ಹೊಳೀಲಿಲ್ಲ." ಆಮೇಲೆ ಮಿಷನ್ ಅಕ್ಕನ ಕಡೆ ತಿರುಗಿ, "ಮೊನ್ನೆ ನಕ್ಕೆ ನೋಡು ಕಣಮ್ಮ, ಅದನ್ನ ಮನಸ್ಸಿಗೆ ಹಚ್ಚಿಕೋಬೇಡ. ಆ ಪುಲ್ಲರ್ ಒಂದು ಸಲ ನನಗೂ ತೋರಿಸು" ಎಂದ. ಅವಳು ತೋರಿಸಿದಳು. ಇಬ್ಬರೂ ಮಂಡಿಯೂರಿ ಕೂತು ಬಹಳ ಹೊತ್ತು ಮಾತಾಡಿದರು. ಅಷ್ಟು ಹೊತ್ತಿಗೆ ಮಾವ ಒಳಗೆ ಹೋಗಿ ಹೋಟೆಲಿನವನಿಗೆ ಫೋನು ಮಾಡಿ, ಗೋಡೆಗೆ ಬೇರೆ ಏನಾದರೂ ನೋಡಿಕೊಳ್ಳಿ ಎಂದು ಹೇಳಿ ಬಂದಿದ್ದರು.

ಭಾನುವಾರ ಬೆಳಗ್ಗೆ ಗುಡ್ಡದ ಬುಡದಲ್ಲಿ ಇಪ್ಪತ್ತೆರಡು ಹಳೆಯ ಗಾಡಿಗಳು ಸೇರಿದ್ದವು. ಮಾವನ ಕಾಲು ಇನ್ನೂ ಕಿಕ್ಕರಿಗೆ ಒಗ್ಗುವಂತಿರಲಿಲ್ಲ. "ನೀನು ಓಡಿಸು, ನಾನು ಹಿಂದೆ ಕೂರ್ತೀನಿ" ಎಂದಿದ್ದರು ಮನೆಯಿಂದ ಹೊರಡುವಾಗಲೇ, ಹವಾಮಾನದ ವಿಷಯ ಹೇಳುವಷ್ಟು ಸಹಜವಾಗಿ. ದರ್ಜಿಗಳ ಬೈಕು ಓಡಿಸಿ ಅವಳಿಗೆ ಅಭ್ಯಾಸವಿತ್ತು, ಆದರೆ ದೊರೆಸಾನಿಯನ್ನು ಓಡಿಸಲು ಮಾವ ಇನ್ನೊಬ್ಬರ ಕೈಗೆ ಕೊಟ್ಟದ್ದು ಅದೇ ಮೊದಲು. ಮಾತಾಡಿದರೆ ಅವರು ಮನಸ್ಸು ಬದಲಿಸಿಯಾರು ಎಂದು ಮಿಷನ್ ಅಕ್ಕ ಬೇಗನೆ ಹತ್ತಿ ಕೂತಿದ್ದಳು.

ಮೊದಲ ಏರು ದಾಟಿತು. ಎರಡನೆಯದರಲ್ಲಿ ಅವಳು ಗೇರು ಇಳಿಸಿ ಕಿವಿಗೊಟ್ಟಳು. ಟಕಟಕ ಇರಲಿಲ್ಲ. ಕೊಕ್ಕೆ ತಿರುವು ಎದುರಿಗೆ ಬಂದಾಗ ಮಾವನ ಕೈ ಅವಳ ಭುಜವನ್ನು ಬಿಗಿಯಾಗಿ ಹಿಡಿಯಿತು. ಅಲ್ಲಿ ಆಗಲೇ ಎರಡು ಹಳೆಯ ಕಾರು ಬಾನೆಟ್ಟು ತೆರೆದು ನಿಂತಿದ್ದವು. ಅವಳು ಆಕ್ಸಿಲರೇಟರನ್ನು ಬಿಡದೆ ತಿರುಗಿಸಿದಳು. ಇಬ್ಬರ ಭಾರ ಹೊತ್ತು ದೊರೆಸಾನಿ ಓರೆಯಾಗಿ ತಿರುವನ್ನು ಹತ್ತಿದಳು. ಸದ್ದು ದಪ್ಪವಾಯಿತೇ ಹೊರತು ಎಲ್ಲೂ ತಡವರಿಸಲಿಲ್ಲ. ಹಿಂದಿನಿಂದ ಮಾವ ನಿಂತಿದ್ದವರ ಕಡೆಗೆ ಕೈ ಬೀಸಿದರು. "ಏನಾಯ್ತು ಸಾರ್?" ಎಂದು ಕೇಳಿದರು ಕೂಡ. ಆಮೇಲೆ ಹಾಗೆ ಕೇಳಬಾರದಿತ್ತು ಎಂದು ಅರ್ಧ ಮೈಲಿಯವರೆಗೆ ನಗುತ್ತ ಬೇಸರಪಟ್ಟುಕೊಂಡರು.

ಮೇಲೆ ಬಂದವರಲ್ಲಿ ಅವರು ನಾಲ್ಕನೆಯವರು. ಗಾಳಿ ಜೋರಾಗಿತ್ತು. ಆಗಲೇ ಬಂದಿದ್ದವರು ಸುತ್ತ ಸೇರಿ, ಯಾರು ಸರಿಮಾಡಿದ್ದು, ಏನಾಗಿತ್ತು ಎಂದು ಕೇಳತೊಡಗಿದರು. ಮಾವ ಎದೆಯೆತ್ತಿ ಹೇಳಿದರು, "ನನ್ನ ಸೊಸೆ. ಹೊಲಿಗೆ ಮಿಷನ್ ರಿಪೇರಿ ಮಾಡ್ತಾಳೆ." ಒಬ್ಬರಿಗೆ ಹೇಳಿದ್ದನ್ನು ಪಕ್ಕದಲ್ಲೇ ಇದ್ದ ಇನ್ನೊಬ್ಬರಿಗೂ ಮೊದಲಿಂದ ಹೇಳಿದರು, ಪ್ರತಿ ಸಲವೂ ಏಳು ಎಂಬ ಅಂಕಿಗೆ ಬಂದಾಗ ಬೆರಳುಗಳಿಂದ ತೋರಿಸುತ್ತಿದ್ದರು. ಅವಳು ಇಂಜಿನ್ನಿನ ಪಕ್ಕ ಅಂಗೈ ಹಿಡಿದು ನೋಡಿದಳು. ಬಿಸಿಯಿತ್ತು, ಇರಬೇಕಾದಷ್ಟೇ.

ಎಲ್ಲರೂ ಚಹಾ ಕುಡಿದು ಬಂದ ದಾರಿಯಲ್ಲೇ ಇಳಿಯಲು ಹೊರಟಾಗ ಮಾವ ಗುಡ್ಡದ ಆಚೆ ಬದಿಗೆ ಕೋಲು ತೋರಿಸಿದರು. ಅಲ್ಲಿ ಇನ್ನೊಂದು ರಸ್ತೆ ಹುಲ್ಲುಗಾವಲಿನ ನಡುವೆ ಸುತ್ತಿಕೊಂಡು ದೂರದ ಕೆರೆಯವರೆಗೆ ಹೋಗುತ್ತಿತ್ತು.

"ಈ ಕಡೆ ಹೋದ್ರೆ ಮನೆಗೆ ಮೂವತ್ತು ಮೈಲಿ ಸುತ್ತು" ಎಂದರು.

"ಪೆಟ್ರೋಲ್ ಇದೆಯಾ ಮಾವ?"

"ಟ್ಯಾಂಕ್ ತುಂಬಿಸಿದ್ದೀನಿ."

ಅವಳು ಕಿಕ್ಕರಿನ ಮೇಲೆ ಪಾದವಿಟ್ಟು, ಪೂರ್ತಿ ತುಳಿದು, ಆ ರಸ್ತೆಗೆ ಗಾಡಿ ತಿರುಗಿಸಿದಳು.